ಬೀಗದ ಕೈ ಎಲ್ಲಿ?

ಪಾವಗಡದ ಶನಿಮಹಾತ್ಮನ ಸನ್ನಿಧಿಗೆ ಹೋದವರು ಚಪ್ಪಲಿ ಕಳೆದುಕೊಂಡು ಬಂದರೆ ನಮ್ಮ ಕಡೆ ಯಾರೂ ಮರುಗುವುದಿಲ್ಲ. ‘ಹೋಗಲಿ ಬಿಡಿ, ಕಾಟ ಕಳೀತು’ ಎನ್ನುತ್ತಾರೆ. 2006ರ ಒಂದು ಶನಿವಾರ ನಾನು ಅಲ್ಲಿಗೆ ಹೋಗಿ ಚಪ್ಪಲಿಯನ್ನು ಜೋಪಾನವಾಗಿ ಮೆಟ್ಟಿಕೊಂಡೇ ಬಂದೆ. ಕಳೆದುಕೊಂಡದ್ದು ಮೋಟಾರ್ ಸೈಕಲ್ಲನ್ನು. ‘ಮೇಷ್ಟ್ರಿಗೆ ಸಾಡೇಸಾತಿ ಪೂರ್ತಿ ಒಂದೇ ದಿನದಲ್ಲಿ ಬಿಟ್ಟುಹೋಯಿತು’ ಎಂದು ಸಹೋದ್ಯೋಗಿಗಳು ಇಂದಿಗೂ ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಆ ಕತೆಯ ಒಂದು ಭಾಗವನ್ನು ನಾನು ಅವರಿಗೆ ಪೂರ್ತಿ ಹೇಳಿಲ್ಲ.

ಬಿ.ಎಸ್ಸಿ., ಬಿ.ಎಡ್. ಮುಗಿಸಿ ಪ್ರೌಢಶಾಲೆಗೆ ವಿಜ್ಞಾನದ ಮೇಷ್ಟ್ರಾಗಿ ಸೇರಿದ ಕೆಲವೇ ವರ್ಷಕ್ಕೆ, 1999ರಲ್ಲಿ, ಸಾಲ ಮಾಡಿ ಕೊಂಡ ಹೀರೋ ಹೋಂಡಾ ಸ್ಪ್ಲೆಂಡರ್ ಅದು. ಇಂದು ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದು ಕರೆಯುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಅದು ತುಳಿಯದ ರಸ್ತೆ ಕಡಿಮೆ. ತರಬೇತಿ, ವಸ್ತುಪ್ರದರ್ಶನ, ಪರೀಕ್ಷೆಯ ಕೆಲಸ, ನೆಂಟರ ಮದುವೆ ಎಲ್ಲಕ್ಕೂ ಅದೇ. ನಾಲ್ಕು ವರ್ಷ ಸಂಬಳದಲ್ಲಿ ಕಂತು ಮುರಿದುಕೊಂಡ ಗಾಡಿಯ ಮೇಲೆ ಮೇಷ್ಟ್ರಿಗೆ ಎಂಥ ಮಮತೆ ಇರುತ್ತದೆಂದು ಮೇಷ್ಟ್ರ ಮನೆಯವರಿಗೆ ಗೊತ್ತು.

ಅವತ್ತು ಬೆಳಗಿನ ಶಾಲೆ ಮುಗಿಸಿ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಪಾವಗಡಕ್ಕೆ ಹೋದೆ. ಜನವೋ ಜನ. ಒಂದು ಓಣಿಯಲ್ಲಿ ಗಾಡಿ ನಿಲ್ಲಿಸಿ ಹ್ಯಾಂಡಲ್ ಲಾಕ್ ಮಾಡಿದೆ. ಪಕ್ಕದ ಪೆಟ್ಟಿಗೆಯ ಬೀಗ ತೆಗೆದು ಹಣ್ಣುಕಾಯಿಯ ಚೀಲ ಎತ್ತಿಕೊಂಡೆ. ನಾಲ್ಕು ಹೆಜ್ಜೆ ಇಟ್ಟಿದ್ದೆವೋ ಇಲ್ಲವೋ, ಎಳ್ಳುಬತ್ತಿ ಮಾರುತ್ತಿದ್ದ ಹುಡುಗನೊಬ್ಬ ಹಿಂದಿನಿಂದ ‘ಸಾರ್... ಸಾರ್...’ ಎಂದು ಕೂಗಿದ. ಇವನೊಬ್ಬ ಬೆನ್ನು ಹತ್ತಿದ ಎಂದುಕೊಂಡು, ತಿರುಗಿಯೂ ನೋಡದೆ ‘ಬೇಡ ಹೋಗಪ್ಪಾ’ ಎಂದು ಕೈಬೀಸಿದೆ.

ಸಾಲಿನಲ್ಲಿ ನಿಂತು, ದರ್ಶನ ಮಾಡಿ ಹೊರಬರುವಾಗ ಒಂದು ಗಂಟೆ ಮೀರಿತ್ತು. ಓಣಿಯಲ್ಲಿ ಗಾಡಿ ಇರಲಿಲ್ಲ. ಮೊದಲು ಓಣಿ ತಪ್ಪಿದೆ ಎಂದುಕೊಂಡೆ. ಪಕ್ಕದ ಓಣಿ, ಅದರ ಪಕ್ಕದ ಓಣಿ ಎಲ್ಲ ಸುತ್ತಿ ಬಂದೆ. ಆಮೇಲೆ ಎದೆ ಹೊಡೆದುಕೊಳ್ಳತೊಡಗಿತು. ‘ಹ್ಯಾಂಡಲ್ ಲಾಕ್ ಮಾಡಿದ್ದೆ, ಲಾಕ್ ಮಾಡಿದ್ದೆ’ ಎಂದು ಗಟ್ಟಿಯಾಗಿ ಹೇಳಿದ್ದೇ ತಡ, ಜನ ಸೇರಿದರು. ಲಾಕ್ ಮಾಡಿದ ಗಾಡಿ ಹೋಗಿದೆ ಎಂದರೆ ಇಲ್ಲೇ ಇದ್ದವರ ಕೈವಾಡ ಎಂದು ಯಾರೋ ತೀರ್ಮಾನ ಕೊಟ್ಟರು. ಅಲ್ಲೇ ಇದ್ದವನು ಎಂದರೆ ಆ ಎಳ್ಳುಬತ್ತಿಯ ಹುಡುಗ. ಇಬ್ಬರು ಅವನ ತೋಳು ಹಿಡಿದರು. ಬುಟ್ಟಿ ಉರುಳಿತು. ನಾನೂ ಅವನ ಭುಜ ಅಲುಗಿಸಿ, ತರಗತಿಯ ದನಿಯಲ್ಲೇ ‘ನಿಜ ಹೇಳೋ’ ಎಂದು ಗದರಿದೆ. ನಮ್ಮ ಒಂಬತ್ತನೇ ತರಗತಿಯ ಮಕ್ಕಳಷ್ಟೇ ವಯಸ್ಸು. ಬಾಯಿ ಒಣಗಿ ಅವನಿಗೆ ಮಾತೇ ಹೊರಡಲಿಲ್ಲ.

ಆಗ ನನ್ನ ಹೆಂಡತಿ ಮೆಲ್ಲಗೆ ಕೇಳಿದಳು: ‘ರೀ, ಬೀಗದ ಕೈ ಎಲ್ಲಿ?’

ಅಂಗಿ ಜೇಬು ನೋಡಿದೆ. ಪ್ಯಾಂಟಿನ ಜೇಬಿಗೆ ಕೈ ಹಾಕಿದೆ. ಕೈ ಅಲ್ಲೇ ನಿಂತಿತು. ಚೀಲ ತೆಗೆಯುವಾಗ ಪೆಟ್ಟಿಗೆಯ ಬೀಗದಲ್ಲೇ ಗೊಂಚಲು ನೇತಾಡುತ್ತ ಉಳಿದಿತ್ತು. ಲಾಕ್ ಮಾಡಿದ್ದು ನಿಜ. ಅದನ್ನು ತೆಗೆಯುವ ಕೈಯನ್ನೂ ಜೊತೆಗೇ ಇಟ್ಟು ಬಂದಿದ್ದೆ.

ಸಹೋದ್ಯೋಗಿಗಳಿಗೆ ಹೇಳದೆ ಬಿಟ್ಟ ಭಾಗ ಇದು. ಆ ಕ್ಷಣದಲ್ಲಿ ನಾನು ‘ಹುಡುಗನನ್ನು ಬಿಡಿ’ ಎನ್ನಬೇಕಿತ್ತು. ಅನ್ನಲಿಲ್ಲ. ಅಷ್ಟು ಜನರ ಮುಂದೆ ಪೆದ್ದನಾಗುವುದಕ್ಕೆ ನಾಚಿ ಒಂದೆರಡು ನಿಮಿಷ ಸುಮ್ಮನೆ ನಿಂತೆ. ಹುಡುಗನ ತೋಳು ಇನ್ನೂ ಆ ಇಬ್ಬರ ಕೈಯಲ್ಲೇ ಇತ್ತು. ಕೊನೆಗೆ ನನ್ನ ಹೆಂಡತಿಯೇ, ‘ಅವನನ್ನು ಬಿಡಿ. ಬೀಗದ ಕೈ ನಾವೇ ಗಾಡೀಲಿ ಬಿಟ್ಟಿದ್ದೀವಿ’ ಎಂದಳು. ‘ಇವರು’ ಎನ್ನಲಿಲ್ಲ, ‘ನಾವೇ’ ಎಂದಳು.

ಪೊಲೀಸರಿಗೆ ದೂರು ಕೊಟ್ಟು ಬಸ್ಸಿನಲ್ಲಿ ಮನೆಗೆ ಬಂದೆವು. ಗಾಡಿ ಸಿಗಲಿಲ್ಲ. ವಿಮೆ ಇದೆಯಲ್ಲ ಎಂದು ಕಾಗದ ತೆಗೆದರೆ ಅದು ಥರ್ಡ್ ಪಾರ್ಟಿ ವಿಮೆ. ನನ್ನ ಗಾಡಿಯಿಂದ ಬೇರೆಯವರಿಗೆ ಆದ ನಷ್ಟಕ್ಕೆ ಅದು, ನನ್ನ ಗಾಡಿಯೇ ಕಳುವಾದರೆ ಬಿಡಿಗಾಸೂ ಇಲ್ಲ.

ಮುಂದಿನ ಶನಿವಾರ ಒಬ್ಬನೇ ಬಸ್ಸಿನಲ್ಲಿ ಹೋಗಿ ಆ ಹುಡುಗನನ್ನು ಹುಡುಕಿದೆ. ತಪ್ಪಾಯಿತು ಎಂದೆ. ಅವನು ಬುಟ್ಟಿಯಿಂದ ತಲೆ ಎತ್ತದೆ ಹೇಳಿದ: ‘ಕೀ ಅಲ್ಲೇ ಐತೆ ಅಂತ ಹೇಳಾಕೇ ಕೂಗಿದ್ದು ಸಾರ್. ನೀವು ಬ್ಯಾಡ ಅಂದ್ರಿ. ನಾನು ಗಿರಾಕಿ ನೋಡ್ತಿದ್ದೆ, ಅಷ್ಟರಾಗೆ ಯಾರೋ ಬಂದು ನಿಮ್ಮೋರ ತರಾನೇ ತಗೊಂಡೋದ್ರು.’

ಗಾಡಿ ಹೋದ ನೋವು ವರ್ಷದೊಳಗೆ ಮರೆಯಿತು. ಈ ಮಾತು ಮರೆತಿಲ್ಲ. ಅಂದಿನಿಂದ ಬೀಗದ ವಿಷಯದಲ್ಲಿ ನಾನು ಸ್ವಲ್ಪ ಅತಿಯಾದ ಮನುಷ್ಯ. ವಿಜ್ಞಾನದ ಮೇಷ್ಟ್ರಾದ್ದರಿಂದ ಅದಕ್ಕೆ ಕಾರಣಗಳನ್ನೂ ಕೂಡಿಸಿಕೊಂಡಿದ್ದೇನೆ.

ಮಕ್ಕಳಿಗೆ ಸನ್ನೆಯ ಪಾಠ ಮಾಡುವಾಗ ಹ್ಯಾಂಡಲ್ ಲಾಕಿನ ಉದಾಹರಣೆ ಕೊಡುತ್ತೇನೆ. ಹ್ಯಾಂಡಲಿನ ತುದಿ ಅದು ತಿರುಗುವ ಕೇಂದ್ರದಿಂದ ಒಂದಡಿಗೂ ಹೆಚ್ಚು ದೂರ. ಒಳಗಿನ ಬೀಗದ ಕಡ್ಡಿ ಹಿಡಿದಿರುವುದು ಅದೇ ಕೇಂದ್ರದಿಂದ ಒಂದೆರಡು ಅಂಗುಲದಲ್ಲಿ. ದೂರ ಹೆಚ್ಚಿದಷ್ಟೂ ಬಲದ ಪರಿಣಾಮ ಹೆಚ್ಚು ಎಂಬ ಸೂತ್ರ ಕಳ್ಳನಿಗೆ ಓದಿ ಬರಬೇಕಾಗಿಲ್ಲ. ಆದ್ದರಿಂದ ಹ್ಯಾಂಡಲ್ ಲಾಕ್ ಬೇಕು, ಆದರೆ ಅದೊಂದೇ ಸಾಲದು. ಗಟ್ಟಿ ಉಕ್ಕಿನ ಸರಪಳಿ ಇಲ್ಲವೇ ಡಿಸ್ಕ್ ಲಾಕ್ ಎರಡನೆಯದಾಗಿ ಬೇಕು. ಸರಪಳಿಯನ್ನು ಮುಂದಿನ ಚಕ್ರಕ್ಕಷ್ಟೇ ಸುತ್ತಿದರೆ ಪ್ರಯೋಜನ ಕಡಿಮೆ. ಚಕ್ರ ಬಿಚ್ಚಿ ಬರುವ ವಸ್ತು. ಗಾಡಿಯ ಚೌಕಟ್ಟಿನ ಮೂಲಕ ತಂದು, ಅಲ್ಲಾಡದ ಕಂಬಕ್ಕೋ ಜೊತೆಗೆ ಬಂದ ಸ್ನೇಹಿತನ ಗಾಡಿಗೋ ಸೇರಿಸಿ ಬಿಗಿಯಬೇಕು. ಅದು ಸಡಿಲವಾಗಿ ನೆಲಕ್ಕೆ ಬಿದ್ದಿರಬಾರದು. ಕಮ್ಮಾರನ ಅಡಿಗಲ್ಲು ಮಾಡುವ ಕೆಲಸವನ್ನು ಅಲ್ಲಿ ನೆಲವೇ ಮಾಡಿಕೊಡುತ್ತದೆ.

ಡಿಸ್ಕ್ ಲಾಕ್ ಹಾಕಿದವರು ಹ್ಯಾಂಡಲಿಗೆ ಒಂದು ಬಣ್ಣದ ದಾರವನ್ನೂ ಕಟ್ಟಿಕೊಳ್ಳಿ. ನಾನು ಕಟ್ಟದೆ, ಲಾಕ್ ಇರುವುದನ್ನು ಮರೆತು ಗಾಡಿ ಹೊರಡಿಸಿ, ಶಾಲೆಯ ಗೇಟಿನಲ್ಲೇ ಮಕ್ಕಳ ಮುಂದೆ ಮಗುಚಿಕೊಂಡಿದ್ದೇನೆ. ಜಡತ್ವದ ನಿಯಮಕ್ಕೆ ಅಷ್ಟು ಒಳ್ಳೆಯ ಪ್ರಾತ್ಯಕ್ಷಿಕೆಯನ್ನು ನಾನು ಮತ್ತೆಂದೂ ಕೊಟ್ಟಿಲ್ಲ.

ಹಿಂದೆ ನಮ್ಮ ಮೇಷ್ಟ್ರುಗಳು ಪೆಟ್ರೋಲ್ ಕಾಕ್ ಬಂದ್ ಮಾಡಿ ಹೋಗುತ್ತಿದ್ದರು. ಕದ್ದವನು ಸ್ವಲ್ಪ ದೂರದಲ್ಲೇ ನಿಲ್ಲಲಿ ಎಂದು. 2020ರ ಏಪ್ರಿಲ್‌ನಲ್ಲಿ ಬಿ.ಎಸ್. 6 ನಿಯಮ ಬಂದ ಮೇಲೆ ಹೆಚ್ಚಿನ ಹೊಸ ಗಾಡಿಗಳಲ್ಲಿ ಆ ಕಾಕೇ ಇಲ್ಲ. ಅದರ ಬದಲು ಜಿ.ಪಿ.ಎಸ್. ಸಾಧನ ಅಡಗಿಸಿಡಬಹುದು. ಆದರೆ ಅದು ಗಾಡಿ ಎಲ್ಲಿದೆ ಎಂದು ಹೇಳುತ್ತದೆಯೇ ಹೊರತು ತಡೆದು ನಿಲ್ಲಿಸುವುದಿಲ್ಲ. ಯಾವ ಬೀಗವೂ ಕಳ್ಳನನ್ನು ಸೋಲಿಸುವುದಿಲ್ಲ, ತಡಮಾಡಿಸುತ್ತದೆ ಅಷ್ಟೆ. ನಾಲ್ಕು ಜನ ಓಡಾಡುವ, ಬೆಳಕಿರುವ ಜಾಗದಲ್ಲಿ ಆ ತಡವೇ ಅವನಿಗೆ ಕಷ್ಟ. ನಿರ್ಜನ ಸಂದಿಯಲ್ಲಿ ಎಷ್ಟು ತಡವಾದರೂ ಅವನಿಗೆ ಚಿಂತೆಯಿಲ್ಲ.

ನಮ್ಮ ನಾಲ್ಕು ತಾಲ್ಲೂಕುಗಳು ನನಗೆ ನಾಲ್ಕು ಪಾಠ ಕಲಿಸಿವೆ. ಮಧುಗಿರಿಯ ಏಕಶಿಲಾ ಬೆಟ್ಟದ ಬುಡದಲ್ಲಿ ಗಾಡಿ ನಿಲ್ಲಿಸಿ ನೀರಿನ ಬಾಟಲಿ ಹಿಡಿದು ಹತ್ತಲು ಹೊರಟವನು ಗಂಟೆಗಟ್ಟಲೆ ಬರುವುದಿಲ್ಲವೆಂದು ನೋಡಿದವರಿಗೆಲ್ಲ ಗೊತ್ತಾಗುತ್ತದೆ. ಅಲ್ಲಿ ಎರಡು ಬೀಗ ಇರಲೇಬೇಕು. ಶಿರಾದಲ್ಲಿ ಹೆದ್ದಾರಿ ಪಕ್ಕದಲ್ಲೇ ಇದೆ. ಹಿಂದಿನ 4ನೇ ನಂಬರು, ಈಗ 48. ಚಹಾ ಕುಡಿಯಲು ನಿಂತ ಐದು ನಿಮಿಷದಲ್ಲಿ ಹೊರಟ ಗಾಡಿ ಯಾವ ದಿಕ್ಕು ಹಿಡಿಯಿತೆಂದು ಹೇಳುವವರಿಲ್ಲ. ‘ಎರಡೇ ನಿಮಿಷ’ ಎಂಬ ಮಾತಿಗೆ ಅಲ್ಲಿ ಬೆಲೆ ಹೆಚ್ಚು. ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿ, ಸಿದ್ಧರಬೆಟ್ಟಗಳಿಗೆ ಬರುವವರೆಲ್ಲ ಪರಊರಿನವರು. ಯಾರ ಗಾಡಿಯನ್ನು ಯಾರು ತೆಗೆದರೂ ನೋಡಿದವರಿಗೆ ಅನುಮಾನ ಬರುವುದಿಲ್ಲ. ಅಲ್ಲಿ ರಸೀದಿ ಕೊಡುವ ಸ್ಟ್ಯಾಂಡು ಸಿಕ್ಕಿದರೆ ದುಡ್ಡಿನ ಮುಖ ನೋಡಬಾರದು.

ಪಾವಗಡವಂತೂ ಮೂರು ಕಡೆ ಆಂಧ್ರಪ್ರದೇಶ ಇರುವ ತಾಲ್ಲೂಕು. ಗಾಡಿ ಎಲ್ಲಿ ಕಳುವಾಯಿತೋ ಅಲ್ಲಿನ ಠಾಣೆಯನ್ನೇ ಹುಡುಕಬೇಕೆಂಬ ಗೊಂದಲ ಈಗ ಬೇಡ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ, ಅಪರಾಧ ಯಾವ ಸರಹದ್ದಿನಲ್ಲಿ ನಡೆದಿದ್ದರೂ ಠಾಣೆಯಲ್ಲಿ ಮಾಹಿತಿ ಕೊಡಬಹುದು. ಬರೆದುಕೊಂಡದ್ದರ ಪ್ರತಿಯನ್ನು ದೂರುದಾರನಿಗೆ ಉಚಿತವಾಗಿ ಕೊಡಬೇಕು. ಮೊದಲು 112ಕ್ಕೆ ಫೋನ್ ಮಾಡಿ, ಆಮೇಲೆ ಠಾಣೆಗೆ ಹೋಗಿ. ಎಂಜಿನ್ ನಂಬರು, ಚಾಸಿ ನಂಬರು, ಗಾಡಿಯ ಒಂದು ಫೋಟೊ ನಿಮ್ಮ ಫೋನಿನಲ್ಲೂ ಮನೆಯಲ್ಲೂ ಇರಲಿ. ಆರ್.ಸಿ. ಪುಸ್ತಕದ ಮೂಲಪ್ರತಿಯನ್ನು ಗಾಡಿಯ ಪೆಟ್ಟಿಗೆಯಲ್ಲಿಟ್ಟು ಕಳ್ಳನಿಗೆ ದಾಖಲೆಯನ್ನೂ ದಾನ ಮಾಡಬೇಡಿ. ಡಿಜಿಲಾಕರ್‌ನಲ್ಲಿ ಇರುವುದೇ ಸಾಕು.

ಮಗನಿಗೋ ಮಗಳಿಗೋ ಗಾಡಿ ಕೊಡಿಸುವ ತಂದೆ ತಾಯಿಗಳಿಗೆ ಇನ್ನೊಂದು ಮಾತು. 2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ವಿಮೆ ಕಡ್ಡಾಯ. ‘ಐದು ವರ್ಷ ಯೋಚನೆಯಿಲ್ಲ’ ಎಂದು ಎಲ್ಲರೂ ನೆಮ್ಮದಿಯಾಗಿರುತ್ತಾರೆ. ಆ ಐದು ವರ್ಷ ಥರ್ಡ್ ಪಾರ್ಟಿಗೆ ಮಾತ್ರ. ಕಳವಿಗೆ ಪರಿಹಾರ ಕೊಡುವ ಸ್ವಂತ ಹಾನಿಯ ವಿಮೆ ಸಾಮಾನ್ಯವಾಗಿ ಮೊದಲ ವರ್ಷಕ್ಕೇ ಮುಗಿದಿರುತ್ತದೆ. ಅದನ್ನು ಪ್ರತಿವರ್ಷ ನವೀಕರಿಸಬೇಕು. ಇವತ್ತೇ ಕಾಗದ ತೆಗೆದು ನೋಡಿ. ಪರಿಹಾರ ಕೇಳುವಾಗ ಕಂಪನಿಯವರು ಗಾಡಿಯ ಎರಡೂ ಬೀಗದ ಕೈ ಕೇಳುತ್ತಾರೆ. ನನ್ನ ಹೆಂಡತಿ ಅಂದು ಕೇಳಿದ ಪ್ರಶ್ನೆಯನ್ನೇ ಅವರೂ ಕೇಳುತ್ತಾರೆ.

ಈಚೆಗೆ ಗೊರವನಹಳ್ಳಿಗೆ ಹೋಗಿದ್ದೆವು. ಒಬ್ಬ ಯುವಕ ಹೊಸ ಗಾಡಿ ನಿಲ್ಲಿಸಿ, ಫೋನಿನಲ್ಲಿ ಮಾತಾಡುತ್ತ ಹೊರಟ. ಬೀಗದ ಕೈ ಗಾಡಿಯಲ್ಲೇ ಇತ್ತು. ‘ಸ್ವಾಮಿ... ಸ್ವಾಮೀ...’ ಎಂದು ಕೂಗಿದೆ. ಅವನು ತಿರುಗದೆ ಕೈಬೀಸಿದ. ಆ ಕೈ ನನ್ನದೇ ಅನ್ನಿಸಿತು. ಹಿಂದೆ ಓಡುವಷ್ಟರಲ್ಲಿ ಜನರಲ್ಲಿ ಬೆರೆತುಹೋದ. ಏನು ಮಾಡುವುದು? ಗಾಡಿಯ ಪಕ್ಕದಲ್ಲೇ ನಿಂತೆ. ಬಿಸಿಲಿನಲ್ಲಿ ಮುಕ್ಕಾಲು ಗಂಟೆ. ನನ್ನ ಹೆಂಡತಿ ಏನೂ ಅನ್ನದೆ ಸೆರಗು ತಲೆಗೆ ಹೊದ್ದು ಅಲ್ಲೇ ಕಟ್ಟೆಯ ಮೇಲೆ ಕೂತಳು.

ಅವನು ಬಂದವನೇ ಹುಬ್ಬು ಗಂಟಿಕ್ಕಿ, ‘ಏನ್ರೀ, ನನ್ನ ಗಾಡಿ ಹತ್ರ ಏನ್ ಮಾಡ್ತಿದೀರ?’ ಎಂದ.

ನಾನು ಬೀಗದ ಕೈ ತೋರಿಸಿದೆ. ಅವನ ಮುಖ ಇಳಿಯಿತು. ‘ಸಾರಿ ಸಾರ್’ ಎಂದ. ಪರವಾಗಿಲ್ಲಪ್ಪಾ ಎಂದೆ. ಆ ಎಳ್ಳುಬತ್ತಿಯ ಹುಡುಗನ ಜಾಗದಲ್ಲಿ ನಿಂತರೆ ಹೇಗಿರುತ್ತದೆಂದು ನನಗೆ ಸ್ವಲ್ಪವಾದರೂ ತಿಳಿಯಿತು. ನನ್ನನ್ನು ಯಾರೂ ತೋಳು ಹಿಡಿದು ಎಳೆದಿರಲಿಲ್ಲ, ಅಷ್ಟೇ ವ್ಯತ್ಯಾಸ.