ಇಪ್ಪತ್ತೇಳು ತಿರುವು, ಒಂದು ಹಳೆಯ ಕಾರು

ದಿಂಬಂ ಘಟ್ಟವನ್ನು ನಮ್ಮ ತಾಳವಾಡಿ ಕಡೆಯವರಿಗೆ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಆಸ್ಪತ್ರೆಗಾಗಲಿ, ಮದುವೆಯ ಜವಳಿಗಾಗಲಿ ಸತ್ಯಮಂಗಲಕ್ಕೆ ಹೋಗಬೇಕಾದರೆ, ತಲಮಲೆಯ ಕಾಡು ದಾಟಿ ದಿಂಬಂ ಸೇರಿ, ಅಲ್ಲಿಂದ ಬಣ್ಣಾರಿಯವರೆಗೆ 27 ಹೇರ್‌ಪಿನ್ ತಿರುವುಗಳನ್ನು ಇಳಿಯಲೇಬೇಕು. ಈ ತಿರುವುಗಳನ್ನು ಕೆಳಗಿನಿಂದ ಮೇಲಕ್ಕೆ ಎಣಿಸುತ್ತಾರೆ. ಸುತ್ತಲೂ 2013ರಲ್ಲಿ ಹುಲಿ ರಕ್ಷಿತಾರಣ್ಯವಾಗಿ ಘೋಷಣೆಯಾದ ಕಾಡು. 2022ರಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದ ಮೇಲೆ ದೊಡ್ಡ ಲಾರಿಗಳೂ ನಮ್ಮೊಂದಿಗೆ ಹಗಲಿನಲ್ಲೇ ಈ ತಿರುವುಗಳನ್ನು ಹಂಚಿಕೊಳ್ಳುತ್ತವೆ.

ನಮ್ಮೂರಿನ ಯುವಕನೊಬ್ಬ 2002ನೇ ಇಸವಿಯ ಹೋಂಡಾ ಸಿಟಿ ವಿಟೆಕ್ ಕಾರನ್ನು ಹಳೆಯದಾಗಿಯೇ ಕೊಂಡು, ಮನೆಯ ಮಗುವಿನಂತೆ ನೋಡಿಕೊಳ್ಳುತ್ತಾನೆ. 1.5 ಲೀಟರ್ ಎಂಜಿನ್, ನೂರು ದಾಟಿದ ಅಶ್ವಶಕ್ತಿ. ಅದು ಬಂದ ಕಾಲಕ್ಕೆ ನಮ್ಮ ರಸ್ತೆಗಳಲ್ಲಿ ಹೆಸರಾದ ಓಟದ ಕಾರು. ಎಂಜಿನ್ನಿಗೆ ಅವನು ಏನು ಬೇಕೋ ಅದನ್ನೆಲ್ಲ ಮಾಡಿಸಿದ್ದ. ಬ್ರೇಕಿನ ಕಡೆ ಮಾತ್ರ ನೋಡಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ತಾಯಿಯನ್ನೂ ತಂಗಿಯನ್ನೂ ನಮ್ಮನ್ನೂ ಕೂರಿಸಿಕೊಂಡು ಇಳಿಯುತ್ತಿದ್ದ. ಮೂರನೇ ಗೇರಿನಲ್ಲೇ ಬಿಟ್ಟುಕೊಂಡು, ತಿರುವು ಬಂದಾಗಲೆಲ್ಲ ಬ್ರೇಕ್ ಒತ್ತುತ್ತಾ ಬಂದ. ಹನ್ನೊಂದನೆಯ ತಿರುವಿನಲ್ಲಿ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಹತ್ತನೆಯದು ಕಾಣುವಷ್ಟರಲ್ಲಿ, ಹತ್ತಿಯ ಮೇಲೆ ಕಾಲಿಟ್ಟಂತೆ ಪೆಡಲ್ ನೆಲ ಮುಟ್ಟಿತು. ಎದುರಿಗೆ ಕಬ್ಬಿನ ಲಾರಿ ಏದುಸಿರು ಬಿಡುತ್ತಾ ಹತ್ತುತ್ತಿತ್ತು. ಹುಡುಗ ಎದೆಗೆಡಲಿಲ್ಲ. ಗೇರನ್ನು ಎರಡಕ್ಕೆ, ನಂತರ ಒಂದಕ್ಕೆ ಇಳಿಸಿ, ಹ್ಯಾಂಡ್‌ಬ್ರೇಕನ್ನು ನಿಧಾನವಾಗಿ ಎಳೆದು, ಬಂಡೆಯ ಬದಿಯ ಚರಂಡಿಗೆ ಚಕ್ರ ಒರಗಿಸಿ ನಿಲ್ಲಿಸಿದ. ಒಂದು ಗಂಟೆ ಆರಲು ಬಿಟ್ಟ ಮೇಲೆ ಪೆಡಲ್ ಮತ್ತೆ ಗಟ್ಟಿಯಾಯಿತು. ಬಣ್ಣಾರಿಯವರೆಗೆ ಒಂದನೇ ಗೇರಿನಲ್ಲಿ ಉರುಳಿಕೊಂಡು ಬಂದೆವು. ಅಲ್ಲಿ ತಾಯಿ ಇಳಿದು, "ಇನ್ಮೇಲೆ ನಾನು ಬಸ್ಸಲ್ಲೇ ಬರ್ತೀನಿ ಕಣಪ್ಪ" ಎಂದರು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದನೇನೋ.

ಮುಂದಿನ ವಾರವೇ ಅವನು, ದೊಡ್ಡ ಡಿಸ್ಕ್, ಕೆಂಪು ಬಣ್ಣದ ನಾಲ್ಕು ಪಿಸ್ಟನ್ ಕ್ಯಾಲಿಪರ್ ಹಾಕಿಸುವುದಾಗಿ ಕೂಡಿಟ್ಟ ಹಣದೊಂದಿಗೆ ಹೊರಟ. ನಾವೂ ಜೊತೆಗೆ ಹೋದೆವು. ಸತ್ಯಮಂಗಲದ ವಯಸ್ಸಾದ ಮೆಕ್ಯಾನಿಕ್ ಚಕ್ರ ಬಿಚ್ಚಿ ನೋಡಿ, "ತಂಬಿ, ಮೊದಲು ಇರೋದನ್ನ ಸರಿಮಾಡು, ಆಮೇಲೆ ಹೊಸದು" ಎಂದರು.

ಅವರು ತೋರಿಸಿಕೊಟ್ಟದ್ದನ್ನು ಓದುಗರೂ ತಿಳಿದಿರಲಿ. ಬ್ರೇಕ್ ಎಂದರೆ ಓಟವನ್ನು ಶಾಖವಾಗಿ ಮಾರ್ಪಡಿಸುವ ಸಾಧನ. ವೇಗ ಎರಡರಷ್ಟಾದರೆ ನಿಲ್ಲಿಸುವಾಗ ಹುಟ್ಟುವ ಶಾಖ ನಾಲ್ಕರಷ್ಟಾಗುತ್ತದೆ. ಕಾಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವುದು ಬ್ರೇಕ್ ಆಯಿಲ್. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ಎಂಬ ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ನಿಲ್ಲಬೇಕು. ತೇವ ಸೇರಿದ ಮೇಲೆ ಆ ಮಟ್ಟ 155ಕ್ಕೆ ಇಳಿಯುತ್ತದೆ. ಕುದಿದರೆ ಕೊಳವೆಯಲ್ಲಿ ಆವಿ ತುಂಬುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿ ಕುಗ್ಗುತ್ತದೆ. ಪೆಡಲ್ ನೆಲಕ್ಕೆ ಹೋಗುವುದು ಇದರಿಂದಲೇ. ಆ ದಿನ ಹ್ಯಾಂಡ್‌ಬ್ರೇಕ್ ಕೈ ಹಿಡಿದದ್ದು ಅದು ಆಯಿಲ್ಲಿನಿಂದಲ್ಲ, ಕೇಬಲ್ಲಿನಿಂದ ನಡೆಯುವುದರಿಂದ. ಪೆಡಲ್ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಅದು ಬೇರೆ ರೋಗ: ಕಾದ ಪ್ಯಾಡು ಹಿಡಿತ ಬಿಟ್ಟಿದೆ ಎಂದರ್ಥ.

ಈ ಕಾರಿನ ಆಯಿಲ್ ಚಹಾದ ಬಣ್ಣಕ್ಕೆ ತಿರುಗಿತ್ತು. ಎಷ್ಟು ವರ್ಷ ಹಳೆಯದೋ, ಹುಡುಗನಿಗೇ ನೆನಪಿರಲಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದದ್ದು. ರಬ್ಬರ್ ಹೋಸುಗಳು ಬಿರುಕು ಬಿಟ್ಟಿದ್ದವು, ಮುಂದಿನ ಡಿಸ್ಕುಗಳು ಸವೆದು ತೆಳುವಾಗಿದ್ದವು, ಹಿಂದಿನ ಡ್ರಮ್ಮುಗಳು ಸರಿಯಾಗಿ ಕೂತಿರಲಿಲ್ಲ. ಎಲ್ಲವನ್ನೂ ಸರಿಪಡಿಸಿ, ಹೊಸ ಆಯಿಲ್ ತುಂಬಿ, ಒಳಗಿನ ಗಾಳಿ ತೆಗೆದರು. ಹೆಚ್ಚು ಶಾಖ ತಾಳುವ ಪ್ಯಾಡು, ಒತ್ತಡಕ್ಕೆ ಉಬ್ಬದ ಉಕ್ಕಿನ ಹೆಣಿಗೆಯ ಹೋಸು, ಇವೆರಡೇ ನಿಜವಾದ ಹೊಸ ಸೇರ್ಪಡೆ.

ಕೆಂಪು ಕ್ಯಾಲಿಪರ್ ಏಕೆ ಬೇಡ ಎಂದೂ ಹೇಳಿದರು. ದೊಡ್ಡ ಡಿಸ್ಕು ಹೆಚ್ಚು ಶಾಖ ತಾಳುವುದು ನಿಜ. ಆದರೆ ಅದಕ್ಕೆ ದೊಡ್ಡ ಚಕ್ರ ಬೇಕಾದೀತು. ದೊಡ್ಡ ಪಿಸ್ಟನ್ನಿಗೆ ಮಾಸ್ಟರ್ ಸಿಲಿಂಡರ್ ಹೊಂದದಿದ್ದರೆ ಪೆಡಲ್ ಇನ್ನೂ ಆಳಕ್ಕೆ ಹೋಗುತ್ತದೆ. ಮುಂದು ಹಿಂದಿನ ಸಮತೋಲವೂ ಕೆಡುತ್ತದೆ. ಕೊನೆಗೆ ಕಾರನ್ನು ಹಿಡಿದು ನಿಲ್ಲಿಸುವುದು ನೆಲ ಮುಟ್ಟುವ ಟೈರು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಉಳಿದ ಹಣಕ್ಕೆ ನಾಲ್ಕು ಹೊಸ ಟೈರು ಹಾಕಿಸಿದ.

ಬಣ್ಣಾರಿಯ ಕಡೆಯ ನೇರ ರಸ್ತೆಯಲ್ಲಿ, ಹಿಂದೆ ವಾಹನವಿಲ್ಲದಾಗ, 60ರ ವೇಗದಿಂದ 20ಕ್ಕೆ ಹತ್ತು ಸಲ ಇಳಿಸಿ, ಪೂರ್ತಿ ನಿಲ್ಲಿಸದೆ ಓಡಿಸಿ, ಪ್ಯಾಡನ್ನು ಡಿಸ್ಕಿಗೆ ಒಗ್ಗಿಸಿದೆವು. ಆಮೇಲೆ ಘಟ್ಟ ಹತ್ತಿ, ಮತ್ತೆ ಇಳಿದೆವು. ಹತ್ತಿದ ಎರಡನೇ ಗೇರಿನಲ್ಲೇ ಇಳಿತ. ತಿರುವಿಗೆ ಮೊದಲೇ ಒಮ್ಮೆ ಗಟ್ಟಿಯಾಗಿ ಒತ್ತಿ ಬಿಡುವುದು. ಹತ್ತುವ ಲಾರಿಗೆ ನಿಂತು ದಾರಿ ಬಿಡುವುದು. ಹತ್ತನೆಯ ತಿರುವಿನಲ್ಲಿ ಇಬ್ಬರೂ ಮಾತಾಡಲಿಲ್ಲ. ಪೆಡಲ್ ಮೊದಲನೆಯ ತಿರುವಿನವರೆಗೂ ಕಲ್ಲಿನಂತಿತ್ತು. ಆಗ ನಮಗೆ ಅನ್ನಿಸಿದ್ದಿಷ್ಟು: ಆ ದಿನ ಕೆಟ್ಟದ್ದು ಬ್ರೇಕಿಗಿಂತ ಹೆಚ್ಚಾಗಿ ನಮ್ಮ ಇಳಿಯುವ ಅಭ್ಯಾಸ.

ತಿಂಗಳು ಕಳೆದು, ಸತ್ಯಮಂಗಲದ ಒಂದು ಮದುವೆಗೆ ಹೊರಟಾಗ ತಾಯಿ ಸೀರೆಯ ಸೆರಗು ಸರಿಪಡಿಸಿಕೊಳ್ಳುತ್ತಾ ಬಂದು ಕಾರಿನ ಬಳಿ ನಿಂತರು. "ಫಾದರ್, ನೀವು ಮುಂದೆ ಕೂತ್ಕೊಳ್ಳಿ" ಎಂದು ಹಿಂದಿನ ಬಾಗಿಲು ತೆಗೆದರು. ಘಟ್ಟದುದ್ದಕ್ಕೂ ಸಂಖ್ಯೆ ಎಣಿಸುತ್ತಾ ಬಂದವರು, ಒಂಬತ್ತನೆಯ ತಿರುವು ದಾಟಿದ ಮೇಲೆ ಎಣಿಸುವುದನ್ನು ಬಿಟ್ಟು, ಮದುವೆಯ ಊಟದ ಮಾತೆತ್ತಿದರು.