ಕಾದಂಬರಿಯ ಕೊಲೆ ಮತ್ತು ಅನುಮೋದನೆಯ ಪ್ರಶ್ನೆ

ವಿಜಯನಗರದ ಒಂದು ಮನೆಯಲ್ಲಿ ತಿಂಗಳಿಗೊಂದು ಭಾನುವಾರ ಸ್ವಾಧ್ಯಾಯ ನಡೆಯುವುದು ಬಹುಕಾಲದ ರೂಢಿ. ಹತ್ತು ಹನ್ನೆರಡು ಮಂದಿ ಕೂಡುತ್ತಾರೆ. ರಾಜಾಜಿನಗರ, ಬಸವೇಶ್ವರನಗರಗಳಿಂದ ಬರುವವರೇ ಹೆಚ್ಚು. 2021ರಲ್ಲಿ ಮೆಟ್ರೋ ಕೆಂಗೇರಿಯವರೆಗೆ ಓಡತೊಡಗಿದ ಮೇಲೆ ಆ ಕಡೆಯಿಂದಲೂ ಇಬ್ಬರು ಮೂವರು. ಗ್ರಂಥವಾಚನ ಮುಗಿದು ಉಪಾಹಾರಕ್ಕೆ ಕುಳಿತಾಗ ಲೋಕಾಭಿರಾಮದ ಮಾತು. ಆ ಮಾತಿನ ನಡುವೆ ಒಮ್ಮೆ ಕಾದಂಬರಿಯೊಂದು ಬಂದು ಕುಳಿತದ್ದು, ಮೂರು ತಿಂಗಳಾದರೂ ಎದ್ದು ಹೋಗಲಿಲ್ಲ.

ಅದು ವಿವೇಕ ಶಾನಭಾಗರ ‘ಘಾಚರ್ ಘೋಚರ್’. 2013ರಲ್ಲಿ ಪ್ರಕಟವಾದ ಈ ಕಿರುಕೃತಿ ಶ್ರೀನಾಥ್ ಪೆರೂರರ ಇಂಗ್ಲಿಷ್ ಅನುವಾದದಿಂದ ಹೊರನಾಡಿನ ಓದುಗರನ್ನೂ ತಲುಪಿದೆ. ಕಥೆ ಬೆಂಗಳೂರಿನ ಒಂದು ಅವಿಭಕ್ತ ಕುಟುಂಬದ್ದು. ಇರುವೆಗಳು ಮುತ್ತಿಕೊಂಡ ಚಿಕ್ಕ ಮನೆಯಲ್ಲಿ ಒಬ್ಬ ಸೇಲ್ಸ್‌ಮನ್‌ನ ಸಂಬಳದ ಮೇಲೆ ಬದುಕುತ್ತಿದ್ದವರು, ಚಿಕ್ಕಪ್ಪ ಆರಂಭಿಸಿದ ಮಸಾಲೆಯ ವ್ಯಾಪಾರದಿಂದ ಶ್ರೀಮಂತರಾಗುತ್ತಾರೆ. ಆ ಮನೆಗೆ ಸೊಸೆಯಾಗಿ ಬಂದ ಅನಿತಾ ಸುಮ್ಮನಿರುವವಳಲ್ಲ. ಗಂಡ ದುಡಿಯದೆ ಮನೆಯ ಕಂಪನಿಯಿಂದ ಸಂಬಳ ಪಡೆಯುವುದನ್ನು ಅವಳು ಒಪ್ಪುವುದಿಲ್ಲ. ಚಿಕ್ಕಪ್ಪನನ್ನು ಅರಸಿ ಬಾಗಿಲಿಗೆ ಬಂದ ಹೆಂಗಸನ್ನು ಮನೆಯವರು ಅವಮಾನಿಸಿ ಅಟ್ಟಿದ್ದನ್ನು ಅವಳು ಸಹಿಸುವುದಿಲ್ಲ. ಕೊನೆಗೆ ಹೈದರಾಬಾದಿನ ತವರಿಗೆ ಹೋದವಳು ಹಿಂದಿರುಗಬೇಕಾದ ವೇಳೆಗೆ ಅವಳ ಸುದ್ದಿಯಿಲ್ಲ. ಅದಕ್ಕೆ ಮುಂಚೆ ಮನೆಯವರೆಲ್ಲ ಒಟ್ಟಿಗೆ ಕುಳಿತಾಗ ಕೊಲೆಗಳ ಮಾತು ಹರಟೆಯಂತೆ ಹಾದುಹೋಗಿರುತ್ತದೆ. ಕಾಫಿ ಹೌಸಿನಲ್ಲಿ ಕುಳಿತ ಗಂಡನ ಕೈಯಲ್ಲಿ ರಕ್ತವಿರುವುದನ್ನು ಮಾಣಿ ತೋರಿಸುವಲ್ಲಿಗೆ ಕೃತಿ ನಿಲ್ಲುತ್ತದೆ. ಕೊಲೆಯಾಯಿತೆಂದು ಲೇಖಕರು ಎಲ್ಲಿಯೂ ಬರೆದಿಲ್ಲ.

ಬಸವೇಶ್ವರನಗರದ ನಿವೃತ್ತ ಅಧ್ಯಾಪಕರೊಬ್ಬರು ಮೊದಲು ತೀರ್ಪಿತ್ತರು: ಕೊಲೆ ನಡೆದೇ ಇಲ್ಲ. ರೈಲು ತಡವಾಗಿರಬಹುದು, ಹುಡುಗಿ ಮುನಿಸಿನಿಂದ ಫೋನು ಮಾಡದಿರಬಹುದು. ಓದುಗನ ಭಯವೇ ಹೆಣವನ್ನು ಸೃಷ್ಟಿಸುತ್ತದೆ, ಲೇಖಕನ ಜಾಣತನವಿರುವುದು ಅಲ್ಲಿಯೇ ಎಂಬುದು ಅವರ ವಾದ. ಮನೆಯ ಯಜಮಾನಿಗೆ ಇದು ಹಿಡಿಸಲಿಲ್ಲ. ಕೊಲೆಯಾಗಿದೆಯೋ ಇಲ್ಲವೋ ಎಂದು ಹೇಳಲಾರದ ಪತ್ತೇದಾರಿ ಕಥೆ, ಉಪ್ಪು ಹಾಕಲು ಮರೆತ ಅಡುಗೆಯೆಂದು ಅವರು ನೇರವಾಗಿಯೇ ಹೇಳಿದರು. ಈ ಮಾತಿನಲ್ಲಿ ನ್ಯಾಯವಿಲ್ಲದಿಲ್ಲ. ಹಣ ಕೊಟ್ಟು ಪುಸ್ತಕ ಕೊಂಡವನಿಗೆ ಕೊನೆಯ ಪುಟದಲ್ಲಿ ಉತ್ತರ ಕೇಳುವ ಹಕ್ಕಿದೆ.

ರಾಜಾಜಿನಗರದ ಧಾನ್ಯವ್ಯಾಪಾರಿಯೊಬ್ಬರು ಮಾತ್ರ ಕೊಲೆಯಾಗಿದೆ ಎಂದು ದೃಢವಾಗಿ ನುಡಿದರು. ಯಶವಂತಪುರದ ಮಾರುಕಟ್ಟೆಯಲ್ಲಿ ದೀರ್ಘಕಾಲ ಮಂಡಿ ನಡೆಸಿ, ಈಗ ವ್ಯವಹಾರವನ್ನು ಮಕ್ಕಳಿಗೆ ಒಪ್ಪಿಸಿರುವ ವೃದ್ಧರು ಅವರು. ಕಾರಣವೇನೆಂದು ಕೇಳಿದಾಗ, “ಆ ಮನೆಯಲ್ಲಿ ಯಾರೂ ಏನನ್ನೂ ಕೇಳುವುದಿಲ್ಲವಲ್ಲ” ಎಂದಷ್ಟೇ ಹೇಳಿ ಸುಮ್ಮನಾದರು.

ಚರ್ಚೆಗೆ ತಿರುವು ಕೊಟ್ಟವಳು ಅವರ ಮೊಮ್ಮಗಳು, ಕಾಲೇಜಿನಲ್ಲಿ ಓದುವವಳು. ಎಲ್ಲರೂ ಕೊನೆಯ ಪುಟದ ರಕ್ತವನ್ನೇ ನೋಡುತ್ತಿದ್ದಾರೆ, ಇರುವೆಗಳನ್ನು ನೋಡುತ್ತಿಲ್ಲವೆಂಬುದು ಅವಳ ಆಕ್ಷೇಪ. ಹಳೆಯ ಮನೆಯಲ್ಲಿ ಇರುವೆಗಳ ಕಾಟ ತಾಳಲಾರದೆ ಆ ಕುಟುಂಬ ಅವನ್ನು ಕೊಲ್ಲತೊಡಗುತ್ತದೆ. ಬರಬರುತ್ತ ಕಾಟ ತಪ್ಪಿಸಿಕೊಳ್ಳುವ ಉದ್ದೇಶ ಹಿಂದೆ ಸರಿದು, ಕೊಲ್ಲುವುದರಲ್ಲಿಯೇ ಒಂದು ಕ್ರೂರ ಸಂತೋಷ ಹುಟ್ಟುತ್ತದೆ. ಇತರ ಓದುಗರಿಗೆ ಇದು ಸಂಕೇತ. ಇರುವೆಯ ಗೂಡು ಕಂಡರೆ ಕಾಲು ಹಿಂದೆಗೆಯಬೇಕೆಂದು ಎಳವೆಯಲ್ಲಿಯೇ ಕಲಿತವರಿಗೆ ಇರುವೆ ಇರುವೆಯೇ, ತ್ರೀಂದ್ರಿಯ ಜೀವ. “ಕೊಲೆ ಮೂವತ್ತನೆಯ ಪುಟದ ಹೊತ್ತಿಗೇ ಆಗಿಹೋಗಿದೆ, ತಾತ. ಇನ್ನುಳಿದದ್ದು ಅಭ್ಯಾಸ” ಎಂದಳು. ಪುಟಸಂಖ್ಯೆಯನ್ನು ಅವಳು ಅಂದಾಜಿನಲ್ಲಿ ಹೇಳಿರಬೇಕು, ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಅನಂತರದ ಭಾನುವಾರ ಅಧ್ಯಾಪಕರು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವನ್ನು ತೆರೆದರು. ಸಂರಂಭ, ಸಮಾರಂಭ, ಆರಂಭ ಎಂಬ ಮೂರು. ಮನಸ್ಸು, ವಚನ, ಕಾಯ ಎಂಬ ಮೂರು. ಕೃತ, ಕಾರಿತ, ಅನುಮತ ಎಂಬ ಮೂರು. ಕ್ರೋಧ, ಮಾನ, ಮಾಯೆ, ಲೋಭವೆಂಬ ನಾಲ್ಕು ಕಷಾಯಗಳು. ಗುಣಿಸಿದರೆ 108. ವ್ಯಾಪಾರಿಗಳ ಮನೆಯಲ್ಲಿ ಈ ಲೆಕ್ಕ ಯಾರಿಗೂ ಕಷ್ಟವಲ್ಲ. ಜಪಮಾಲೆ ಎಣಿಸುವಾಗ ನೆನಪಿಟ್ಟುಕೊಳ್ಳುವುದು ಮಾತ್ರ ಕಷ್ಟ. ಪತ್ತೇದಾರನಿಗೆ ಬೇಕಾದದ್ದು ಒಬ್ಬ ಅಪರಾಧಿ. ಸಿದ್ಧಾಂತ ಕೇಳುವುದು ಆ ಕಾರ್ಯದಲ್ಲಿ ಯಾರು ಯಾರು, ಯಾವ ಯಾವ ದ್ವಾರದಿಂದ ಪಾಲುಗೊಂಡರೆಂದು. ಒಬ್ಬನು ಹಿಂಸೆ ಮಾಡಿದರೂ ಫಲಭಾಗಿಗಳು ಅನೇಕರಾಗಬಹುದೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ತಿಳಿಸಿದ್ದಾರೆ.

ಕನ್ನಡದ ಜೈನ ಓದುಗನಿಗೆ ಇದು ಹೊಸತೂ ಅಲ್ಲ. ಹದಿಮೂರನೆಯ ಶತಮಾನದ ಆರಂಭದಲ್ಲಿ ಜನ್ನ ಬರೆದ ‘ಯಶೋಧರ ಚರಿತೆ’ಯಲ್ಲಿ ಕೊಲೆಗಾರ್ತಿ ಯಾರೆಂಬ ಗುಟ್ಟೇನೂ ಇಲ್ಲ, ಮಾವಟಿಗನಲ್ಲಿ ಅನುರಕ್ತಳಾದ ಅಮೃತಮತಿ ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ಆದರೆ ಕಾವ್ಯದ ಭಾರವೆಲ್ಲ ಬಿದ್ದಿರುವುದು ಆ ವಿಷದ ಮೇಲಲ್ಲ, ಅದಕ್ಕಿಂತ ಮೊದಲು ತಾಯಿಯ ಒತ್ತಾಯಕ್ಕೆ ಮಣಿದು ಯಶೋಧರ ಬಲಿಕೊಟ್ಟ ಹಿಟ್ಟಿನ ಕೋಳಿಯ ಮೇಲೆ. ಪ್ರಾಣವಿಲ್ಲದ ಹಿಟ್ಟನ್ನು ಕಡಿದ ಸಂಕಲ್ಪಕ್ಕಾಗಿ ಮಗನೂ, ಪ್ರೇರೇಪಿಸಿದ ತಾಯಿಯೂ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ಹೆಣವಿಲ್ಲದ ಕೊಲೆ ಕೊಲೆಯಲ್ಲವೆಂದ ಅಧ್ಯಾಪಕರು ಈ ಕಥೆಯನ್ನು ತಾವೇ ಎತ್ತಿ, ತಮ್ಮ ವಾದವನ್ನು ಅರ್ಧ ಹಿಂತೆಗೆದುಕೊಂಡರು. ಯಜಮಾನಿ ಹಿಂತೆಗೆದುಕೊಳ್ಳಲಿಲ್ಲ. ಜನ್ನ ಕಥೆಯನ್ನಾದರೂ ಪೂರ್ತಿ ಹೇಳಿದ್ದಾನೆಂಬುದು ಅವರ ಉತ್ತರ.

ಆ ದಿನವೇ ವೃದ್ಧ ವ್ಯಾಪಾರಿ ಬಾಯಿಬಿಟ್ಟರು. ಕಾದಂಬರಿಯಲ್ಲಿ ಮನೆಯ ಮಗಳು ಮಾಲತಿ, ಗಂಡನ ಮನೆಯಿಂದ ತನ್ನ ಒಡವೆಗಳನ್ನು ತರಲು ಪುಂಡರನ್ನು ಕರೆದೊಯ್ಯುವ ಪ್ರಸಂಗವಿದೆ. ಅದನ್ನು ಓದಿದ ರಾತ್ರಿ ಅವರಿಗೆ ನಿದ್ರೆ ಬರಲಿಲ್ಲವಂತೆ. ಬಹಳ ಹಿಂದೆ ಮಾಗಡಿ ರಸ್ತೆಯ ಒಬ್ಬ ಚಿಲ್ಲರೆ ಅಂಗಡಿಯವನು ಅವರ ಮಂಡಿಗೆ ಬಾಕಿ ಉಳಿಸಿಕೊಂಡಿದ್ದ. ತಾನು ನೋಡಿಕೊಳ್ಳುತ್ತೇನೆಂದು ತಮ್ಮ ಹೇಳಿದ. ಇವರು ಹೂಂ ಎನ್ನಲಿಲ್ಲ, ಬೇಡವೆನ್ನಲೂ ಇಲ್ಲ. ವಾರದೊಳಗೆ ಪೂರ್ತಿ ಹಣ ಬಂತು. ಇವರು ಎಣಿಸಿ, ಖಾತೆಯಲ್ಲಿ ಜಮಾ ಬರೆದು, ಬಾಕಿ ಚುಕ್ತಾ ಎಂದು ಗೆರೆ ಎಳೆದರು. ಹೇಗೆ ಬಂತೆಂದು ಕೇಳಲಿಲ್ಲ. ಕೆಲವು ದಿನಗಳ ಅನಂತರ ಆ ಅಂಗಡಿ ಮುಚ್ಚಿದೆಯೆಂದು ಹಮಾಲಿಯೊಬ್ಬ ಹೇಳಿದಾಗಲೂ ಕೇಳಲಿಲ್ಲ. ತಮ್ಮ ತೀರಿಕೊಂಡು ಈಗ ಒಂಬತ್ತು ವರ್ಷ.

“ಗೊತ್ತಿಲ್ಲದ್ದಕ್ಕೆ ಕೇಳಲಿಲ್ಲ ಅಂತ ಹೇಳಿಕೊಳ್ಳಬಹುದು. ನಾನು ಕೇಳದೆ ಇದ್ದದ್ದು ಗೊತ್ತಿದ್ದದ್ದಕ್ಕೆ” ಎಂದರು. ಮೊಮ್ಮಗಳು ತಟ್ಟೆಯಿಂದ ಕಣ್ಣೆತ್ತಲಿಲ್ಲ. ಯಾರೋ ಕಾಫಿ ತಂದಿಟ್ಟರು.

‘ಘಾಚರ್ ಘೋಚರ್’ ಎಂಬ ಮಾತಿಗೆ ಯಾವ ಭಾಷೆಯಲ್ಲಿಯೂ ಅರ್ಥವಿಲ್ಲ. ಗಾಳಿಪಟದ ದಾರ ಬಿಡಿಸಲಾರದಂತೆ ಸಿಕ್ಕಾದಾಗ, ಅನಿತಾಳ ತಮ್ಮ ಬಾಲ್ಯದಲ್ಲಿ ಹುಟ್ಟಿಸಿದ ಮಾತು ಅದು. ಆ ವರ್ಷದ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ, ಬಸದಿಯಿಂದ ಹೊರಬಂದ ವೃದ್ಧರು ಮನೆಗೆ ಹೋಗದೆ ಮೊಮ್ಮಗಳನ್ನು ಕರೆದುಕೊಂಡು ಆಟೋದಲ್ಲಿ ಮಾಗಡಿ ರಸ್ತೆಗೆ ಹೋದರು. ಅಂಗಡಿಯಿದ್ದ ಜಾಗದಲ್ಲಿ ಮೊಬೈಲ್ ಮಾರುವ ಹುಡುಗರಿದ್ದರು. ಪಕ್ಕದ ಕಟ್ಟಡದ ಮುದುಕಿಯೊಬ್ಬಳಿಗೆ ಹಳೆಯ ಅಂಗಡಿಯ ನೆನಪಿತ್ತು, ಅಂಗಡಿಯವನ ಮುಖವೂ ನೆನಪಿತ್ತು. ಅವರು ಯಾವ ಊರಿಗೆ ಹೋದರೆಂಬುದು ತಿಳಿದಿರಲಿಲ್ಲ. ನೀವು ಅವರಿಗೆ ಏನಾಗಬೇಕೆಂದು ಅವಳು ಕೇಳಿದಳು. ವೃದ್ಧರು ಬಹಳ ಹೊತ್ತು ನಿಂತು, ಅವರಿಗೆ ಅಕ್ಕಿ ಕೊಡುತ್ತಿದ್ದವನು ಎಂದು ಉತ್ತರಿಸಿದರು.