ನೋವಾಯ್ತಾ ಅಂತ ಕೇಳಬಾರದು...

ಮಗಳಿಗೆ 12 ತುಂಬಿದ ವಾರವೇ ಅವಳ ಬ್ಯಾಲೆ ಟೀಚರ್ "ಇನ್ನು ಪಾಯಿಂಟ್ ಶೂ ತಗೋಬಹುದು" ಅಂದ್ರು. ಅವತ್ತು ನಮ್ಮನೇಲಿ ಹಬ್ಬ! ಪಾಯಿಂಟ್ ಶೂ ಅಂದ್ರೆ ಗೊತ್ತಲ್ಲ, ಬ್ಯಾಲೆಯವರು ಕಾಲ್ಬೆರಳ ತುದಿಯ ಮೇಲೆ ನಿಲ್ಲೋಕೆ ಹಾಕ್ಕೊಳ್ತಾರಲ್ಲ, ಆ ಗುಲಾಬಿ ಸ್ಯಾಟಿನ್ ಶೂ. ಹೋದ ವರ್ಷ ಅವಳ ಜೊತೆಯ ಇಬ್ಬರಿಗೆ ಸಿಕ್ಕಿತ್ತು, ಇವಳಿಗೆ ಮಾತ್ರ "ಇನ್ನೂ ಬೇಡ". ಆಗ ಅವಳಿಗಿಂತ ಜಾಸ್ತಿ ಉರ್ಕೊಂಡಿದ್ದು ನಾನು.

ವಯಸ್ಸೊಂದೇ ಲೆಕ್ಕ ಅಲ್ವಂತೆ. ಈ ವಯಸ್ಸಲ್ಲಿ ಪಾದದ ಮೂಳೆಗಳು ಇನ್ನೂ ಬೆಳೀತಿರುತ್ತೆ, ಅದಕ್ಕೇ ಪಾದಕ್ಕೂ ಹರಡಿಗೂ ಬಲ ಬರೋವರೆಗೆ ಕಾಯಿಸ್ತಾರೆ. ಒಂದು ವರ್ಷ ಮಾಡಿಸಿದ್ದು ನೋಡೋಕೆ ಏನೂ ಅಲ್ಲದ ಕೆಲಸ. ಒಂಟಿ ಕಾಲಲ್ಲಿ ನಿಂತು ಹಿಮ್ಮಡಿ ಎತ್ತಿ ನಿಧಾನಕ್ಕೆ ಇಳಿಸೋದು. ಬೆರಳು ಮಡಚದೆ, ಉದ್ದಕ್ಕೇ ಇಟ್ಟು, ಅಂಗಾಲನ್ನ ಮಾತ್ರ ಕಮಾನಿನ ಹಾಗೆ ಮೇಲಕ್ಕೆಳೆಯೋದು. ಇದೇನು ಮಹಾ ಅಂತ ಒಂದು ರಾತ್ರಿ ನಾನೂ ಮಾಡಿ ನೋಡಿದೆ. ಎರಡೇ ನಿಮಿಷಕ್ಕೆ ಅಂಗಾಲು ಸೆಳೆತ ಹಿಡಿದು ಅಯ್ಯಯ್ಯೋ ಅಂದೆ!

ನಾನು ಮೈಸೂರಲ್ಲಿ ಎಂಟು ವರ್ಷ ಭರತನಾಟ್ಯ ಕಲಿತವಳು ರೀ. ನಮ್ಮದು ಅರಮಂಡಿಯಲ್ಲಿ ಕೂತು ಪೂರ್ತಿ ಪಾದದಿಂದ ನೆಲ ತಟ್ಟೋ ವಿದ್ಯೆ. ಕುದಿತ್ತಮೆಟ್ಟಡವಿನಲ್ಲಿ ಮುಂಗಾಲಿನ ಮೇಲೆ ಹಾರಿದರೂ ಮರುಕ್ಷಣ ಹಿಮ್ಮಡಿ ನೆಲಕ್ಕೆ ಬೀಳಲೇಬೇಕು. ಇವರದ್ದು ನೆಲದಿಂದ ತಪ್ಪಿಸಿಕೊಳ್ಳೋ ವಿದ್ಯೆ!

ಲಂಡನ್ನಿನ ಅಂಗಡೀಲಿ ಶೂ ಅಳತೆಗೆ ಒಂದು ಗಂಟೆ ಹಿಡೀತು. ಒಳಗೆ ಮರದ ತುಂಡು ಇರುತ್ತೆ ಅಂತ ನಾನು ಇಷ್ಟು ದಿನ ನಂಬಿದ್ದೆ. ಹಾಗೇನಿಲ್ಲ. ಬಟ್ಟೆ, ಕಾಗದ, ಅಂಟು ಪದರಪದರವಾಗಿ ಸೇರಿಸಿ ಮುಂಭಾಗ ಗಟ್ಟಿ ಮಾಡಿರ್ತಾರೆ, ಅದು ಬಾಕ್ಸ್. ಅಡಿಯಲ್ಲಿರೋ ಬಿರುಸಾದ ಪಟ್ಟಿ ಶ್ಯಾಂಕ್. ಎಡಗಾಲು ಬಲಗಾಲು ಅಂತ ಬೇರೆ ಬೇರೆ ಇಲ್ಲ. ನಾನು ಅಭ್ಯಾಸಬಲದಿಂದ "ಒಂದು ಸೈಜ್ ದೊಡ್ಡದೇ ಕೊಡಿ, ಬೆಳೆಯೋ ಹುಡುಗಿ" ಅಂದೆ. ಅಂಗಡಿಯಾಕೆ ನಕ್ಕುಬಿಟ್ಟರು. ಸಡಿಲ ಇದ್ರೆ ಪಾದ ಬಾಕ್ಸಿನೊಳಗೆ ಜಾರಿ, ಇಡೀ ಮೈಭಾರ ಹೆಬ್ಬೆರಳಿನ ಮೇಲೆ ಬೀಳುತ್ತಂತೆ.

1832ರಲ್ಲಿ ಪ್ಯಾರಿಸ್ಸಿನಲ್ಲಿ ಮೇರಿ ಟಾಗ್ಲಿಯೋನಿ 'ಲಾ ಸಿಲ್ಫೀಡ್' ಬ್ಯಾಲೆಯಲ್ಲಿ ಬೆರಳ ತುದಿಯ ಮೇಲೆ ನಿಂತಾಗ ಈ ಬಾಕ್ಸೂ ಇರಲಿಲ್ಲ. ಮೆತ್ತನೆ ಸ್ಯಾಟಿನ್ ಚಪ್ಪಲಿ, ತುದಿಗೆ ಒಂದಷ್ಟು ದಾರದ ಹೊಲಿಗೆ. ಮಿಕ್ಕಿದ್ದೆಲ್ಲ ಅವಳ ಪಾದವೇ. ಟೀಚರ್ ಹೇಳೋದೂ ಇದನ್ನೇ: ಶೂ ನಿನ್ನನ್ನ ಎತ್ತಲ್ಲ, ನೀನೇ ಶೂವಿನಿಂದ ಮೇಲೆ ಏಳಬೇಕು.

ರಿಬ್ಬನ್ ಹೊಲಿದಿದ್ದು ನಾನೇ. ದೊಡ್ಡ ನರ್ತಕಿಯರು ಹೊಸ ಶೂವನ್ನ ಬಗ್ಗಿಸಿ, ಮೆಟ್ಟಿಲಿಗೆ ಬಡಿದು, ಶ್ಯಾಂಕ್ ಕತ್ತರಿಸಿ ತಮಗೆ ಬೇಕಾದ ಹಾಗೆ ಪಳಗಿಸ್ತಾರೆ. ಕೆಲವು ಸಲ ಒಂದೇ ಪ್ರದರ್ಶನಕ್ಕೆ ಒಂದು ಜೊತೆ ಮುಗಿದೇ ಹೋಗುತ್ತೆ. ಹೊಸಬರು ಹಾಗೆಲ್ಲ ಮಾಡೋ ಹಾಗಿಲ್ಲ. ಮೊದಮೊದಲು ತರಗತಿಯ ಕೊನೆಗೆ ಹತ್ತು ನಿಮಿಷ, ಎರಡೂ ಕೈಯಲ್ಲಿ ಕಂಬಿ ಹಿಡಿದು ಏಳೋದು, ಇಳಿಯೋದು. ಅಷ್ಟೇ.

ಪ್ರತಿ ಸಲ ಕಾರಲ್ಲಿ ಕೇಳ್ತಿದ್ದೆ, "ನೋವಾಯ್ತಾ?" "ಇಲ್ಲಮ್ಮ." ಊರಿಗೆ ಫೋನ್ ಮಾಡಿದಾಗ ಅಮ್ಮನ ಹತ್ತಿರ ಜಂಭ ಕೊಚ್ಚಿಕೊಂಡೆ, "ಒಂದು ದಿನಕ್ಕೂ ಅತ್ತಿಲ್ಲ, ನನ್ನ ಹಾಗೇ ಗಟ್ಟಿ."

ನಾಲ್ಕನೇ ವಾರ ಬಟ್ಟೆ ಒಗೆಯೋಕೆ ಹಾಕುವಾಗ ಅವಳ ಟೈಟ್ಸಿನ ತುದಿಯಲ್ಲಿ ರಕ್ತದ ಕಲೆ. ಕರೆದು ಕಾಲು ನೋಡಿದ್ರೆ ಹೆಬ್ಬೆರಳಿನ ಉಗುರು ಕಪ್ಪಾಗಿದೆ, ಪಕ್ಕದ ಬೆರಳಿನ ಗುಳ್ಳೆ ಒಡೆದಿದೆ. ಯಾಕೆ ಹೇಳಲಿಲ್ಲ ಅಂತ ಗದರಿದೆ. ಅವಳು ನೆಲ ನೋಡ್ಕೊಂಡು, "ನೀನೇ ಅಜ್ಜಿಗೆ ಹೇಳಿದ್ಯಲ್ಲ, ನಾನು ಅಳಲ್ಲ ಅಂತ..."

ಏನು ಹೇಳ್ಲಿ? ಒಡೆದ ಕಾಲಲ್ಲೇ ರಂಗಪ್ರವೇಶ ಮುಗಿಸಿದ ನನ್ನ ಕಥೆಯನ್ನ ಎಷ್ಟು ಸಲ ಅವಳ ಮುಂದೆ ಸಾಹಸದ ಹಾಗೆ ಹೇಳಿದೀನೋ ಲೆಕ್ಕವಿಲ್ಲ. ಹುಡುಗಿ ಅದನ್ನೇ ಪಾಠ ಅಂದ್ಕೊಂಡಿದ್ದಳು.

ಟೀಚರ್ ಬೈಯಲಿಲ್ಲ. ಬರೀ ಪಾದದಲ್ಲಿ ಏಳಿಸಿ ನೋಡಿದರು. ಹೆದರಿಕೆಗೆ ಬೆರಳು ಮಡಚಿ ಶೂ ಒಳಗೆ ಕುಸಿದು ನಿಲ್ತಾ ಇದ್ದಳಂತೆ. ಎರಡು ವಾರ ಶೂ ಬಂದ್, ಮತ್ತೆ ಅದೇ ಅಂಗಾಲಿನ ಕಮಾನು. ಸ್ನಾಯು ದಣಿದ ನೋವು ಸರಿ, ಚುಚ್ಚೋ ನೋವು, ಮರಗಟ್ಟೋದು ಸರಿಯಲ್ಲ, ಆಗ ಇಳಿದು ಹೇಳಬೇಕು ಅಂದ್ರು. ಮಗಳಿಗೆ ಹೇಳಿದ್ದೋ ನನಗೋ, ಗೊತ್ತಿಲ್ಲ.

ಈಗ ಮತ್ತೆ ಶೂ ಹಾಕ್ಕೊಳ್ತಿದ್ದಾಳೆ. ಉಗುರು ಇನ್ನೂ ಬೆಳೀತಾ ಇದೆ. ತರಗತಿ ಮುಗಿದ ಮೇಲೆ ಸೋಫಾದಲ್ಲಿ ನನ್ನ ತೊಡೆ ಮೇಲೆ ಕಾಲು ಚಾಚ್ತಾಳೆ. ನಾನು "ನೋವಾಯ್ತಾ?" ಅಂತ ಕೇಳೋದು ಬಿಟ್ಟಿದೀನಿ. "ಇವತ್ತು ಎಲ್ಲಿ ನೋವಾಯ್ತು?" ಅಂತ ಕೇಳ್ತೀನಿ. ಮೊನ್ನೆ ಬೆರಳಿಟ್ಟು ತೋರಿಸಿದಳು.

ನಿಮ್ಮನೇಲೂ ಇಂಥ ಸಾಹಸದ ಕಥೆಗಳು ಓಡಾಡ್ತಿವೆಯಾ? ಸ್ವಲ್ಪ ನೋಡ್ಕೊಳ್ಳಿ ಮತ್ತೆ...